ಅರ್ಧ ನುಡಿದ ಸತ್ಯ

ಊರ ಪಕ್ಕದಲ್ಲಿ ಹೆದ್ದಾರಿ ಬರುವ ಸುದ್ದಿ ಇನ್ನೂ ಕಚೇರಿಯ ನಕ್ಷೆಯಲ್ಲಿ ಮಾತ್ರ ಇರುವಾಗ, ಅದನ್ನು ಬಲ್ಲವನೊಬ್ಬನು ಬಂದು ಏನೂ ಅರಿಯದ ರೈತನ ಹೊಲವನ್ನು ಹಳೆಯ ಬೆಲೆಗೇ ಕೊಳ್ಳುತ್ತಾನೆ. ಕ್ರಯಪತ್ರ ಸರಿಯಾಗಿಯೇ ಇರುತ್ತದೆ, ಹಣವೂ ಪೂರ್ತಿ ಸಂದಿರುತ್ತದೆ. ಆದರೂ ರೈತನಿಗೆ ಮೋಸವಾಯಿತೆಂದೇ ಊರು ಆಡಿಕೊಳ್ಳುತ್ತದೆ. ಸದ್ಭಕ್ತರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಅಮೆರಿಕ ದೇಶದಲ್ಲಿ 2011ರಲ್ಲಿ ನಡೆದ ಒಂದು ಪ್ರಸಂಗವನ್ನು ಕೇಳಬೇಕು.

ಅಲ್ಲಿಯ ಒಮಾಹಾ ಪಟ್ಟಣದಲ್ಲಿ ಬರ್ಕ್‌ಶೈರ್ ಹ್ಯಾಥವೇ ಎಂಬ ಬಹುದೊಡ್ಡ ಸಂಸ್ಥೆಯಿದೆ. ಅದರ ಯಜಮಾನಿಕೆ ಆಗ ಎಂಬತ್ತು ತುಂಬಿದ ವಾರನ್ ಬಫೆಟ್ ಅವರದು. ಅವರ ತರುವಾಯ ಗಾದಿ ಯಾರಿಗೆ ಎಂಬ ಮಾತು ಬಂದಾಗಲೆಲ್ಲ ಕೇಳಿಬರುತ್ತಿದ್ದ ಹೆಸರು ಡೇವಿಡ್ ಸೋಕೋಲ್. ಸಂಸ್ಥೆಯ ವಿದ್ಯುತ್ ಕಂಪನಿಯನ್ನು ಬೆಳೆಸಿದವರು, ನಷ್ಟದಲ್ಲಿದ್ದ ನೆಟ್‌ಜೆಟ್ಸ್ ಎಂಬ ವಿಮಾನ ಕಂಪನಿಯನ್ನು ಮೇಲೆತ್ತಿದವರು.

2010ರ ಡಿಸೆಂಬರ್ 13ರಂದು ಬ್ಯಾಂಕಿನವರು 18 ರಾಸಾಯನಿಕ ಕಂಪನಿಗಳ ಪಟ್ಟಿಯನ್ನು ಸೋಕೋಲ್ ಅವರ ಮುಂದಿಟ್ಟರು. ಸಂಸ್ಥೆ ಕೊಳ್ಳಲು ಯೋಗ್ಯವಾದದ್ದು ಇದೆಯೇ ನೋಡಿ ಎಂದು. ಅವರ ಮನಸ್ಸಿಗೆ ಬಂದದ್ದು ಲುಬ್ರಿಝೋಲ್ ಒಂದೇ. ನಮ್ಮ ಟ್ರಾಕ್ಟರುಗಳಿಗೆ ಹಾಕುವಂಥ ಎಂಜಿನ್ ಎಣ್ಣೆಗೆ ಬೆರೆಸುವ ದ್ರವ್ಯಗಳನ್ನು ಅದು ತಯಾರಿಸುತ್ತದೆ. ಅದರ ಮುಖ್ಯಸ್ಥರೊಡನೆ ಮಾತನಾಡುವ ಇಚ್ಛೆಯನ್ನು ಹೇಳಿಕಳುಹಿಸಿದರು. ವಿಷಯವನ್ನು ಆಡಳಿತ ಮಂಡಳಿಯ ಮುಂದಿಡುತ್ತಾರೆಂಬ ಉತ್ತರ 17ರಂದು ಬಂತು. ಇಷ್ಟಾದ ಮೇಲೆ, ಜನವರಿಯ ಮೊದಲ ವಾರದಲ್ಲಿ, ಸೋಕೋಲ್ ಅದೇ ಕಂಪನಿಯ 96,060 ಷೇರುಗಳನ್ನು ಸ್ವಂತಕ್ಕೆಂದು ಕೊಂಡರು. ಸುಮಾರು 1 ಕೋಟಿ ಡಾಲರು!

ಒಂದು ವಾರ ಕಳೆದ ಮೇಲೆ ಬಫೆಟ್ ಅವರಿಗೆ ಆ ಕಂಪನಿಯನ್ನು ಕೊಳ್ಳಬಹುದೆಂದು ಸೂಚಿಸಿದರು. ತಮ್ಮಲ್ಲಿ ಅದರ ಷೇರುಗಳಿವೆಯೆಂದು ಮಾತಿನ ನಡುವೆ ಹೇಳಿದ್ದೂ ಉಂಟು. ಎಷ್ಟು, ಯಾವಾಗ ಕೊಂಡದ್ದು ಎಂಬುದನ್ನು ಹೇಳಲಿಲ್ಲ. ಹಿರಿಯರು ಕೇಳಲೂ ಇಲ್ಲ.

ಮಾರ್ಚ್ 14ರಂದು ಖರೀದಿ ಪ್ರಕಟವಾಯಿತು. ಪೇಟೆಯಲ್ಲಿ 105 ಡಾಲರಿನ ಆಸುಪಾಸಿನಲ್ಲಿದ್ದ ಷೇರಿಗೆ 135 ಡಾಲರು. ಒಟ್ಟು 900 ಕೋಟಿ ಡಾಲರಿನ ವ್ಯವಹಾರ. ಸೋಕೋಲ್ ಅವರಿಗೆ ಸುಮಾರು 30 ಲಕ್ಷ ಡಾಲರು ಲಾಭ. ಮಾರ್ಚ್ 30ರಂದು ಅವರ ರಾಜೀನಾಮೆಯೂ ಪ್ರಕಟವಾಯಿತು. ಷೇರಿನ ಕಾರಣಕ್ಕಲ್ಲ, ಕುಟುಂಬದ ಹಣವನ್ನು ನೋಡಿಕೊಳ್ಳಲು ಬಿಡುತ್ತಿದ್ದೇನೆ ಎಂದರು. ತಪ್ಪು ಮಾಡಿಲ್ಲ, ಕೊಳ್ಳುವ ತೀರ್ಮಾನ ತಮ್ಮ ಕೈಯಲ್ಲಿರಲಿಲ್ಲ ಎಂಬುದು ಅವರ ವಾದ.

ತೀರ್ಮಾನ ಬಫೆಟ್ ಅವರದೇ, ನಿಜ. ಆದರೆ ಮನೆಯ ಪರವಾಗಿ ಸಂಬಂಧ ನೋಡಲು ಹೋದ ಹಿರಿಯನು, ಬೀಗರ ಕಡೆಯಿಂದ ತನಗೇನು ಬರಲಿದೆಯೆಂಬುದನ್ನು ಬಿಚ್ಚಿ ಹೇಳದೆ ಆ ಹೆಣ್ಣನ್ನು ಹೊಗಳಿದರೆ, ಒಪ್ಪಿದವರು ನೀವೇ ಅಲ್ಲವೇ ಎಂಬ ಮಾತು ಅವನನ್ನು ಕಾಪಾಡೀತೇ? ಅರ್ಧ ಹೇಳಿದ ಸತ್ಯ ಸುಳ್ಳಿಗಿಂತ ಹೆಚ್ಚು ನಂಬಿಸುತ್ತದೆ. ಪೂರ್ತಿ ಮುಚ್ಚಿಟ್ಟಿದ್ದರೆ ಎಂದೋ ಅನುಮಾನ ಹುಟ್ಟಬಹುದಿತ್ತು. ಹೇಳಿಯೇ ಇದ್ದಾನಲ್ಲ ಎಂಬ ನೆಮ್ಮದಿ ಪ್ರಶ್ನೆಯನ್ನೇ ಹುಟ್ಟಗೊಡಲಿಲ್ಲ. ಜನವರಿಯಲ್ಲಿ ಆ ಷೇರುಗಳನ್ನು ಮಾರಿದವರಾದರೂ ಹೆದ್ದಾರಿಯ ಸುದ್ದಿ ತಿಳಿಯದ ನಮ್ಮ ರೈತನಂಥವರೇ. ಅವರ ಹೆಸರನ್ನು ಯಾರೂ ಬರೆಯಲಿಲ್ಲ.

ಸಂಸ್ಥೆಯ ಲೆಕ್ಕತಪಾಸಣಾ ಸಮಿತಿ ಏಪ್ರಿಲ್‌ನಲ್ಲಿ, ಸೋಕೋಲ್ ಸಂಸ್ಥೆಯ ನಿಯಮಗಳನ್ನು ಮೀರಿದ್ದಾರೆಂದು ವರದಿ ಕೊಟ್ಟಿತು. ಸರ್ಕಾರದ ಷೇರುಪೇಟೆ ಆಯೋಗ ಮಾತ್ರ ವಿಚಾರಣೆ ನಡೆಸಿ, 2013ರ ಜನವರಿಯಲ್ಲಿ ಮೊಕದ್ದಮೆ ಹೂಡದೆ ಕೈಬಿಟ್ಟಿತು. ನಮ್ಮ ದೇಶದಲ್ಲೂ ಒಳಸುದ್ದಿಯ ವಹಿವಾಟಿನ ವಿರುದ್ಧ ಸೆಬಿ 1992ರಲ್ಲಿ ನಿಯಮ ಮಾಡಿತು, 2015ರಲ್ಲಿ ಹೊಸದಾಗಿ ಬರೆಯಿತು. ಕಾನೂನಿನ ಜರಡಿಯ ಕಣ್ಣು ದೊಡ್ಡದು.

ಏಪ್ರಿಲ್ 30ರಂದು ಒಮಾಹಾದಲ್ಲಿ ನೆರೆದ ಪಾಲುದಾರರ ಮುಂದೆ, ಯಾವಾಗ ಕೊಂಡದ್ದೆಂದು ತಾವು ಕೇಳದಿದ್ದುದು ದೊಡ್ಡ ತಪ್ಪೆಂದು ಬಫೆಟ್ ಒಪ್ಪಿಕೊಂಡರು. ಮೊದಲ ದಿನ ಸೋಕೋಲ್ ಅವರನ್ನು ಹೊಗಳಿಯೇ ಬೀಳ್ಕೊಟ್ಟಿದ್ದವರು ಅವರೇ ಎಂಬುದು ನಮಗೆ ಅಷ್ಟು ಹಿಡಿಸಲಿಲ್ಲ. ಆದರೆ ಅಂದಿನ ಸಭೆಯಲ್ಲಿ ಇನ್ನೊಂದು ಸಂಗತಿಯನ್ನೂ ಅವರು ಹೇಳಿದರು. ಹಿಂದೊಮ್ಮೆ ಇದೇ ಸೋಕೋಲ್, ತಮಗೆ ಹೆಚ್ಚಾಗಿ ಬರಬೇಕಿದ್ದ ಬಹುಮಾನದ ಹಣವನ್ನು ಕೈಕೆಳಗಿನ ಗ್ರೆಗ್ ಏಬೆಲ್ ಅವರೊಡನೆ ಸಮನಾಗಿ ಹಂಚಿಕೊಳ್ಳುತ್ತೇನೆಂದು ತಾವಾಗಿಯೇ ಕೇಳಿ, 1 ಕೋಟಿ 25 ಲಕ್ಷ ಡಾಲರನ್ನು ಬಿಟ್ಟುಕೊಟ್ಟಿದ್ದರಂತೆ. ಅಷ್ಟನ್ನು ಬಿಟ್ಟ ಮನುಷ್ಯ 30 ಲಕ್ಷಕ್ಕೆ ಏಕೆ ಜಾರಿದ? ಆಸೆಯೊಂದರಿಂದಲೇ ಎಂದು ಹೇಳಲು ನಮಗೆ ಮನಸ್ಸು ಬಾರದು. ತನ್ನನ್ನು ಯಾರೂ ಪ್ರಶ್ನಿಸರೆಂಬ ಅಭ್ಯಾಸವೂ ಇದ್ದೀತು.

2025ರ ಕೊನೆಗೆ ಬಫೆಟ್ ಅಧಿಕಾರ ಬಿಟ್ಟಾಗ ಆ ಗಾದಿಗೆ ಬಂದವರು ಏಬೆಲ್.