ಏರುವ ಕಡಲು, ಇತಿಹಾಸಪೂರ್ವ ಜನ ಮತ್ತು ನೋವನ ಒಡಂಬಡಿಕೆ

ಆದಿಕಾಂಡದ ಜಲಪ್ರಳಯದ ವೃತ್ತಾಂತವನ್ನು ಬೋಧಿಸುವಾಗ ನಾವು ಎರಡು ಪ್ರಶ್ನೆಗಳನ್ನು ಎದುರಿಸುತ್ತೇವೆ. ಇತಿಹಾಸಪೂರ್ವ ಕಾಲದಲ್ಲಿ ಕಡಲು ನಿಜವಾಗಿಯೂ ಊರುಗಳನ್ನು ಮುಳುಗಿಸಿತೆ? ಮುಳುಗಿಸಿದ್ದರೆ ಅಲ್ಲಿನ ಜನ ಏನು ಮಾಡಿದರು?

ಮೊದಲ ಪ್ರಶ್ನೆಗೆ ಉತ್ತರ, ಹೌದು. ಕಡೆಯ ಹಿಮಯುಗದಲ್ಲಿ ಅಪಾರ ಜಲರಾಶಿ ಮಂಜುಗಡ್ಡೆಯಾಗಿ ನೆಲದ ಮೇಲೆ ನಿಂತಿದ್ದುದರಿಂದ ಕಡಲಿನ ಮಟ್ಟ ಬಹಳ ತಗ್ಗಿತ್ತು. ಭಾರತದ ಪಶ್ಚಿಮ ಕರಾವಳಿಯಲ್ಲಿ ಸುಮಾರು 14,500 ವರ್ಷಗಳ ಹಿಂದೆ ಅದು ಇಂದಿಗಿಂತ 100 ಮೀಟರಿನಷ್ಟು ಕೆಳಗಿತ್ತೆಂದು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸಂಶೋಧಕರು ನಿರೂಪಿಸಿದ್ದಾರೆ. ಜೋಯಿಡಾ ತಾಲೂಕಿನ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರು. ಅದನ್ನು ಕಂಡವರಿಗೆ ಈ ಅಂತರದ ಅಂದಾಜು ಸಿಗುತ್ತದೆ. ಅಂದು ಕಾರವಾರ, ಹೊನ್ನಾವರಗಳ ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರು ಒಣನೆಲವಿತ್ತು. ಸುಮಾರು 10,000ದಿಂದ 7,000 ವರ್ಷಗಳ ಹಿಂದಿನ ಅವಧಿಯಲ್ಲಿ ನೀರು ವೇಗವಾಗಿ ಏರಿ ಆ ಬಯಲನ್ನು ಆವರಿಸಿತು.

ಜನರ ಪ್ರತಿಕ್ರಿಯೆಗೆ ಸ್ಪಷ್ಟ ಸಾಕ್ಷ್ಯ ದೊರೆತಿರುವುದು ಪ್ರವಾದಿ ಎಲೀಯನಿಂದ ನಮಗೆ ಪರಿಚಿತವಾದ ಕಾರ್ಮೆಲ್ ಬೆಟ್ಟದ ಕರಾವಳಿಯಲ್ಲಿ. ಅಲ್ಲಿ ಕಡಲಡಿ 8ರಿಂದ 12 ಮೀಟರು ಆಳದಲ್ಲಿರುವ ಅಟ್ಲಿಟ್ ಯಾಮ್ ಎಂಬ ನವಶಿಲಾಯುಗದ ಹಳ್ಳಿಯವರು ಕಲ್ಲು ಕಟ್ಟಿದ ಬಾವಿಯ ನೀರು ಕುಡಿಯುತ್ತಿದ್ದರು. ಕಡಲು ಸಮೀಪಿಸಿದಂತೆ ಬಾವಿಗೆ ಉಪ್ಪುನೀರು ಸೇರಿತು. ಕೊನೆಗೆ ಅದು ಕಸ ಹಾಕುವ ಗುಂಡಿಯಾಯಿತು. ಅಲೆಗಳು ಮನೆಗೆ ನುಗ್ಗುವ ಮೊದಲೇ ಕುಡಿಯುವ ನೀರು ಕೆಟ್ಟಿತ್ತು.

ಅದೇ ಕರಾವಳಿಯ ಟೆಲ್ ಹ್ರೈಜ್ ಎಂಬಲ್ಲಿ ಸುಮಾರು 7,000 ವರ್ಷಗಳ ಹಿಂದಿನ ಜನ ಊರು ಬಿಡುವ ಮುನ್ನ ಪ್ರತಿರೋಧ ಒಡ್ಡಿದರು. ದೂರದಿಂದ ಬಂಡೆಗಳನ್ನು ತಂದು, ಊರಿಗೂ ಕಡಲಿಗೂ ನಡುವೆ 100 ಮೀಟರಿಗಿಂತ ಉದ್ದದ ತಡೆಗೋಡೆ ನಿಲ್ಲಿಸಿದರು. ಒಂದು ಮನೆಯವರಿಂದ ಆಗುವ ಕೆಲಸ ಇದಲ್ಲ. ಇಡೀ ಊರು ಕೂಡಿ ನಿರ್ಧರಿಸಿ ದುಡಿದಿರಬೇಕು. ಆದರೂ ನೀರು ಏರುತ್ತಲೇ ಹೋಯಿತು. ಗೋಡೆ ಮುಳುಗಿತು, ಜನ ಊರನ್ನು ತೊರೆದರು.

ಇದನ್ನೇ ನೋವನ ಕಾಲದ ಪ್ರಳಯಕ್ಕೆ ಪುರಾವೆಯೆಂದು ಹಿಡಿಯುವುದು ಸರಿಯಲ್ಲ. ಆದಿಕಾಂಡದಲ್ಲಿ ನೀರು ಇಳಿಯುತ್ತದೆ, ಪಾರಿವಾಳ ಎಣ್ಣೆಮರದ ಎಲೆ ತರುತ್ತದೆ, ನೆಲ ಮತ್ತೆ ಕಾಣುತ್ತದೆ. ಕಾರ್ಮೆಲಿನ ಕಡಲು ಇಳಿಯಲಿಲ್ಲ. ಶತಮಾನಗಳ ಆ ನಿಧಾನದ ಏರಿಕೆಯೂ ನಲವತ್ತು ದಿನಗಳ ಮಳೆಯೂ ಒಂದೇ ಘಟನೆಯಲ್ಲ. ಪವಿತ್ರ ಗ್ರಂಥದ ವೃತ್ತಾಂತ ಭೂವಿಜ್ಞಾನದ ವರದಿಯಲ್ಲ. ಮನುಷ್ಯನ ಹಿಂಸೆಯನ್ನೂ ದೇವರ ನಿಷ್ಠೆಯನ್ನೂ ಅದು ಸಾರುತ್ತದೆ.

ಇನ್ನೊಂದು ತಪ್ಪು ಗ್ರಹಿಕೆ ಇದಕ್ಕಿಂತ ಅಪಾಯಕರ. ಭೂಮಿಯನ್ನು ಪ್ರಳಯದಿಂದ ಮತ್ತೆ ಅಳಿಸುವುದಿಲ್ಲವೆಂದು ದೇವರು ಮಾತು ಕೊಟ್ಟಿದ್ದಾರೆ, ಆದ್ದರಿಂದ ಕಡಲೇರಿಕೆಗೆ ಅಂಜಬೇಕಿಲ್ಲ ಎಂಬ ವಾದವಿದು. ಆದಿಕಾಂಡ ಒಂಬತ್ತನೆಯ ಅಧ್ಯಾಯದ ಒಡಂಬಡಿಕೆ ಸಕಲ ಜೀವಿಗಳೊಡನೆ ಮಾಡಿದ್ದು. ಯಾವುದೋ ಒಂದು ಕರಾವಳಿ ಮುಳುಗದೆಂಬ ಖಾತರಿ ಅದರಲ್ಲಿಲ್ಲ. ದೇವರು ಉಳಿಸಲು ಮಾತುಕೊಟ್ಟ ಜೀವವನ್ನು ನಾವು ಅಲಕ್ಷಿಸುವಂತಿಲ್ಲ ಎಂಬ ಹೊಣೆ ಮಾತ್ರ ಅದರಿಂದ ಹುಟ್ಟುತ್ತದೆ.

ಟೆಲ್ ಹ್ರೈಜ್ ಜನರ ಕಾಲದಲ್ಲಿ ಕಡಲು ವರ್ಷಕ್ಕೆ 4ರಿಂದ 7 ಮಿಲಿಮೀಟರು ಏರುತ್ತಿತ್ತೆಂದು ಅಂದಾಜಿಸಲಾಗಿದೆ. 2006ರಿಂದ 2018ರವರೆಗಿನ ಜಾಗತಿಕ ಸರಾಸರಿ 3.7 ಮಿಲಿಮೀಟರು. ವೇಗದಲ್ಲಿ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ಕಾರಣದಲ್ಲಿ ಮತ್ತು ಜನರ ಸ್ಥಿತಿಯಲ್ಲಿ. ಅಂದಿನ ಏರಿಕೆಗೆ ಮನುಷ್ಯರು ಕಾರಣರಲ್ಲ, ಇಂದಿನದಕ್ಕೆ ನಮ್ಮ ಇಂಧನಬಳಕೆಯೇ ಮುಖ್ಯ ಕಾರಣ. ಅಂದು ಹಿಂದೆ ಸರಿಯಲು ವಿರಳ ಜನವಸತಿಯ ನೆಲವಿತ್ತು. ಇಂದು ಕರಾವಳಿಯ ಮೀನುಗಾರ ಕುಟುಂಬ ಸರಿಯಬೇಕಾದರೆ ಮತ್ತೊಬ್ಬರ ಊರಿಗೇ ಬರಬೇಕು.

ಆದ್ದರಿಂದ ಈ ವಿಷಯ ಪಾಳಾದಂಥ ಘಟ್ಟದ ಮೇಲಿನ ಊರುಗಳಿಗೂ ಸಂಬಂಧಿಸಿದ್ದು. ಸೂಪಾ ಪಟ್ಟಣ ಕಾಳಿಯ ಹಿನ್ನೀರಿನಲ್ಲಿ ಮುಳುಗಿದಾಗ ಅಲ್ಲಿನ ಅನೇಕರು ರಾಮನಗರದಲ್ಲಿ ಬದುಕು ಮತ್ತೆ ಕಟ್ಟಬೇಕಾಯಿತು. ಮುಂಡಗೋಡ ತಾಲೂಕು 1966ರಿಂದ ಟಿಬೆಟನ್ ನಿರಾಶ್ರಿತರಿಗೆ ನೆಲೆಯಾಗಿದೆ. ನೆಲ ಕಳೆದುಕೊಂಡವರನ್ನು ಬರಮಾಡಿಕೊಳ್ಳುವುದು ಎಂಥ ಕೆಲಸವೆಂದು ಈ ಸೀಮೆಗೆ ಗೊತ್ತಿದೆ. ನಾವೆಯ ಬಾಗಿಲಿನ ಅರ್ಥವನ್ನು ನಮ್ಮ ಧರ್ಮಸಭೆಗಳು ಧ್ಯಾನಿಸಬೇಕಾದುದು ಈ ಅನುಭವದ ಬೆಳಕಿನಲ್ಲಿ.