ಇರುಳಿನಲ್ಲಿಯೂ ನಿಲ್ಲದ ಕಾರಂಜಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ಬಂಡೆಬೆಟ್ಟಗಳ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಮನೆಯಂಗಳದ ತಾವರೆಗೊಳದಲ್ಲಿ ಸೂರ್ಯಶಕ್ತಿಯ ಕಾರಂಜಿಯೊಂದನ್ನು ಇಟ್ಟರೆ ಕಣ್ಣಿಗೂ ತಂಪು, ಖರ್ಚೂ ಅಲ್ಪ. ಆದರೆ ಅದಕ್ಕೊಂದು ಕೊರತೆಯುಂಟು. ಮೋಡ ಕವಿದೊಡನೆ ಅದು ಕುಗ್ಗುತ್ತದೆ. ಹೊತ್ತು ಮುಳುಗಿದೊಡನೆ ನಿಂತೇ ಹೋಗುತ್ತದೆ.

ಅಂದದ ಮಾತಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಕೊಳದಲ್ಲಿ ಮೀನುಗಳಿದ್ದರೆ ಸಂಗತಿಯೇ ಬೇರೆ. ನೀರಿನ ಗಿಡಗಳೂ ಪಾಚಿಯೂ ಹಗಲಿನಲ್ಲಿ ಆಮ್ಲಜನಕವನ್ನು ಕೊಡುತ್ತವೆ. ಇರುಳಿನಲ್ಲಿ ಅವೇ ಅದನ್ನು ಹೀರುತ್ತವೆ. ಆದುದರಿಂದ ಸೂರ್ಯೋದಯಕ್ಕೆ ಮುಂಚೆ ನೀರಿನಲ್ಲಿ ಪ್ರಾಣವಾಯು ಅತ್ಯಂತ ಕಡಮೆ. ಬೆಚ್ಚನೆಯ ನೀರಿನಲ್ಲಿ ಅದು ಕರಗುವುದೂ ಕಡಮೆಯೇ. ಬೇಸಗೆಯ ಮುಂಜಾನೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಉಸಿರಿನ ಪರದಾಟ. ನೀರಿಗೆ ಗಾಳಿಯನ್ನು ಬೆರೆಸಬೇಕಾದ ಕಾರಂಜಿಯು ಸರಿಯಾಗಿ ಆ ವೇಳೆಗೇ ನಿದ್ರಿಸುತ್ತಿರುತ್ತದೆ!

ಹಗಲಿನ ಶಕ್ತಿಯನ್ನು ಇರುಳಿಗೆ ಕೂಡಿಡುವ ಬ್ಯಾಟರಿಯೇ ಇದಕ್ಕೆ ಪರಿಹಾರ. ಆದರೆ ಬ್ಯಾಟರಿಯೊಂದನ್ನು ತಂದು ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಕಣಜ ದೊಡ್ಡದಾದರೆ ಸಾಲದು, ಬೆಳೆಯೂ ಬರಬೇಕಷ್ಟೆ.

ಲೆಕ್ಕವನ್ನು ನೋಡೋಣ. 12 ವೋಲ್ಟಿನ, 10 ವ್ಯಾಟ್ ಶಕ್ತಿಯ ಪಂಪು ಇರುಳಿನ 12 ಗಂಟೆ ನಡೆಯಲು 120 ವ್ಯಾಟ್-ಗಂಟೆ ಬೇಕು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ 20 ಆಂಪಿಯರ್-ಗಂಟೆಯ ಬ್ಯಾಟರಿ ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 12 ಆಂಪಿಯರ್-ಗಂಟೆ ಸಾಕು. ಹಗಲಿನ ಓಟಕ್ಕೂ ಇಷ್ಟೇ ಶಕ್ತಿ ಬೇಕು. ದಾರಿಯಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ದಿನಕ್ಕೆ ಸುಮಾರು 320 ವ್ಯಾಟ್-ಗಂಟೆ. ದಿನಕ್ಕೆ 5 ಗಂಟೆ ಪೂರ್ಣ ಬಿಸಿಲಿನಷ್ಟು ಬೆಳಕು ದೊರೆಯುವುದೆಂದು ಹಿಡಿದರೆ, 75 ವ್ಯಾಟಿನ ಸೌರಫಲಕ ಬೇಕು. ಕಾರಂಜಿಯೊಡನೆ ಬಂದ ಪುಟ್ಟ ಫಲಕ ಈ ಹೊರೆಯನ್ನು ಹೊರಲಾರದು.

ಮಳೆಗಾಲದಲ್ಲಿ ಫಲಕವನ್ನು ಹಿಗ್ಗಿಸುವುದಕ್ಕಿಂತ ಬಳಕೆಯನ್ನು ತಗ್ಗಿಸುವುದು ಜಾಣತನ. ಟೈಮರ್ ಇಟ್ಟು ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಮಾತ್ರ ನಡೆಸಿದರೆ ಇರುಳಿನ ವೆಚ್ಚ ಅರ್ಧಕ್ಕಿಳಿಯುತ್ತದೆ. ಮೀನಿಗೆ ಅಗತ್ಯವಾದ ವೇಳೆಯೂ ತಪ್ಪುವುದಿಲ್ಲ.

ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಅತಿಯಾಗಿ ತುಂಬುವುದನ್ನು ಅದು ತಡೆಯುತ್ತದೆ. ಪಂಪನ್ನೂ ಅದರ ಮೂಲಕವೇ ಜೋಡಿಸಿದರೆ, ಪೂರ್ತಿ ಬರಿದಾಗುವುದನ್ನೂ ತಡೆಯಬಲ್ಲದು. ಬ್ಯಾಟರಿಯ ಧನ ತಂತಿಗೆ ಫ್ಯೂಸ್ ಹಾಕಬೇಕು. ಪಂಪಿನ ಮೇಲೆ ಬರೆದಿರುವ ವೋಲ್ಟನ್ನು ಮೊದಲು ಓದಬೇಕು; 6 ವೋಲ್ಟಿನ ಪಂಪು 12 ವೋಲ್ಟಿಗೆ ಸುಟ್ಟುಹೋದೀತು. ಸೀಸ-ಆಮ್ಲದ ಬ್ಯಾಟರಿ ತುಂಬುವಾಗ ಹೊತ್ತಿಕೊಳ್ಳುವ ಜಲಜನಕ ಹೊರಬರುವುದರಿಂದ ಅದನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ, ನೀರು ಸಿಡಿಯದಂತೆ ಇಡತಕ್ಕದ್ದು.

ಬಿಸಿಲನ್ನು ವ್ಯರ್ಥಮಾಡದಿರಲು ಬೇರೆ ದಾರಿಯೂ ಉಂಟು. 2014ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ‘ಸೂರ್ಯ ರೈತ’ ಯೋಜನೆಯಂತೆ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸುಮಾರು 300 ನೀರಾವರಿ ಪಂಪುಗಳಿಗೆ ಸೌರಫಲಕಗಳನ್ನು ಅಳವಡಿಸಲಾಯಿತು. ಅಲ್ಲಿ ಮಿಗುವ ವಿದ್ಯುತ್ತು ಬ್ಯಾಟರಿಗೆ ಹೋಗದೆ ವಿದ್ಯುತ್ ಜಾಲಕ್ಕೆ ಸೇರಿ, ರೈತನಿಗೆ ಹಣವಾಗಿ ಮರಳುವ ಏರ್ಪಾಡು. ಹೊಲದ ದೊಡ್ಡ ಪಂಪಿಗೆ ಅದು ಒಪ್ಪುವ ಮಾರ್ಗ. ಅಂಗಳದ ಕಾರಂಜಿಗೆ ಪುಟ್ಟ ಬ್ಯಾಟರಿಯೇ ತಕ್ಕ ಜೊತೆ. ಬಿಸಿಲು ಇದ್ದಾಗ ಎಚ್ಚರದಿಂದ ಕೂಡಿಟ್ಟವರ ಕೊಳದಲ್ಲಿ ಮೀನುಗಳು ಬೆಳಗನ್ನು ನೆಮ್ಮದಿಯಿಂದ ಕಾಣುವುವು.