ಕಟ್ಟಿಸಿದ ಹಲ್ಲೂ ಕತ್ತಿನ ನಿಲುವೂ

ಹಲ್ಲೆಲ್ಲ ಉದುರಿದ ವೃದ್ಧರು ಪೂರ್ಣ ಸೆಟ್ಟನ್ನು ಕಟ್ಟಿಸಿಕೊಂಡಾಗ, ಅದು ಬಾಯಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸುವುದು ಸಹಜ. ಆದರೆ ಕೆಳದವಡೆಯು ಸ್ನಾಯುಗಳ ಮೂಲಕ ಮೇಲೆ ತಲೆಬುರುಡೆಗೂ, ಕೆಳಗೆ ನಾಲಗೆಯ ಬುಡದ ಮೂಳೆಗೂ, ಅದರ ಮೂಲಕ ಎದೆಯೆಲುಬಿಗೂ ಬಿಗಿಯಲ್ಪಟ್ಟಿದೆ. ಆದುದರಿಂದ ಕತ್ತು ಬಾಗಿದಂತೆ ದವಡೆಯ ನೆಲೆಯೂ ಬದಲಾಗುತ್ತದೆ.

ನೆಟ್ಟಗೆ ಕುಳಿತು ತುಟಿಗಳನ್ನು ಸಡಿಲವಾಗಿ ಮುಚ್ಚಿದಾಗ ಮೇಲಿನ ಹಾಗೂ ಕೆಳಗಿನ ಹಲ್ಲುಗಳ ನಡುವೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಎಡೆಯಿರುತ್ತದೆ. ತಲೆಯನ್ನು ಹಿಂದಕ್ಕೆ ವಾಲಿಸಿದರೆ ಅದು ಹಿಗ್ಗುತ್ತದೆ. ಮುಂದಕ್ಕೆ ಬಗ್ಗಿಸಿದರೆ ಕುಗ್ಗುತ್ತದೆ. ಹಿಂದಕ್ಕೆ ಒರಗಿಸಿ ಅಳತೆ ತೆಗೆದರೆ ಸೆಟ್ಟು ಎತ್ತರವಾಗಿ, ಮಾತಿನಲ್ಲಿ ಕಟಕಟಿಸಿ, ವಸಡನ್ನು ನೋಯಿಸೀತು. ತೀರ ಗಿಡ್ಡವಾದರೆ ಗದ್ದವು ಮೂಗಿನತ್ತ ಸರಿದು ಮುಖ ಕುಗ್ಗೀತು.

ಸೆಟ್ಟಿನಿಂದ ತಲೆಯ ನಿಲುವೂ ಬದಲಾಗುವುದೇ? ಪರಿಶೀಲನೆಗಳಲ್ಲಿ ಕೆಲವರಲ್ಲಿ ಅಲ್ಪ ವ್ಯತ್ಯಾಸ ಕಂಡುಬಂದಿದೆ. ಎಲ್ಲರಲ್ಲೂ ಅದು ಒಂದೇ ತೆರನಾಗಿಲ್ಲ. ಹಲ್ಲು ಕಟ್ಟಿಸಿದರೆ ಬಾಗಿದ ಕತ್ತು ನೆಟ್ಟಗಾದೀತೆಂಬ ಭರವಸೆ ಸಲ್ಲದು. ಸಲ್ಲುವ ಮಾತಿಷ್ಟೆ: ಅಳತೆಯ ವೇಳೆ ತಲೆಗೆ ಆಸರೆಯಿಲ್ಲದೆ, ಎದುರು ನೋಡುತ್ತ, ಸಹಜವಾಗಿ ಕುಳಿತಿರಬೇಕು, ಹೊಸ ಹಲ್ಲನ್ನು ಉಣ್ಣುವ, ಮಾತನಾಡುವ ನಿಲುವಿನಲ್ಲಿಯೇ ಪರೀಕ್ಷಿಸಬೇಕು. ಈ ಎಚ್ಚರ ತಪ್ಪಿದರೆ, ಹಣ ತೆತ್ತು ಕಟ್ಟಿಸಿದ ಹಲ್ಲು ಬಾಯಿಗಿಂತ ಹೆಚ್ಚಾಗಿ ಡಬ್ಬಿಯಲ್ಲೇ ಉಳಿಯುತ್ತದೆ.